ಆಚೆ ಕಡೆಯ ಬುಟ್ಟಿ

ಕೈಲಾಂಚದ ರಸ್ತೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡ ಗಾಡಿ ಪಕ್ಕದಲ್ಲಿ ಹಾದುಹೋದರೆ, ಆ ಹಸಿ ವಾಸನೆಗೆ ಇವತ್ತಿಗೂ ನನ್ನ ಕೈ ಏನನ್ನೋ ಹಿಡಿದುಕೊಳ್ಳಲು ಹುಡುಕುತ್ತದೆ.

ಅಪ್ಪನ ಸೈಕಲ್ಲಿನ ಕ್ಯಾರಿಯರ್‌ಗೆ ಎರಡೂ ಕಡೆ ಬಿದಿರಿನ ಬುಟ್ಟಿ ಕಟ್ಟಿತ್ತು. ರೇಷ್ಮೆಹುಳಕ್ಕೆ ಸೊಪ್ಪು ತರಲು ಹೊಲಕ್ಕೆ ಹೋಗುವಾಗ ಒಂದರಲ್ಲಿ ನಾನು, ಇನ್ನೊಂದರಲ್ಲಿ ತಂಗಿ ಪುಟ್ಟಿ. ಸೊಪ್ಪು ಬಾಡದಿರಲೆಂದು ನೆನೆಸಿದ ಗೋಣಿಚೀಲಗಳೇ ನಮಗೆ ಹಾಸು. ತಣ್ಣಗೆ ತೊಡೆಗೆ ಚುಚ್ಚುತ್ತಿದ್ದವು. ಹಳ್ಳದ ಇಳಿಜಾರು ಬಂದಾಗ ಅಪ್ಪ ತಿರುಗಿ ನೋಡದೆಯೇ, "ಇಬ್ರೂ ಗಟ್ಟಿಯಾಗಿ ಹಿಡ್ಕೊಳ್ರವ್ವಾ" ಅನ್ನುತ್ತಿದ್ದ.

ಪುಟ್ಟಿ ಜ್ವರ ಬಂದು ತೀರಿಹೋದ ಮಾರನೆಯ ಮಧ್ಯಾಹ್ನ ಅಪ್ಪ ಜಗಲಿ ಬಿಟ್ಟು ಏಳಲೇ ಇಲ್ಲ. ಕೊನೆಗೆ ಅವ್ವನೇ ಬಂದು, "ಹುಳ ಹಸ್ಕೊಂಡವೆ. ಅವ್ಕೇನ್ ಗೊತ್ತಾಯ್ತದೆ? ಇವಳ್ನೂ ಕರ್ಕೊಂಡೋಗಿ" ಅಂದಳು.

ನನ್ನನ್ನು ಕೂರಿಸಿ ಸ್ಟ್ಯಾಂಡ್ ತೆಗೆದದ್ದೇ ಸೈಕಲ್ ನನ್ನ ಕಡೆಗೆ ವಾಲಿತು. ಅಪ್ಪ ಹ್ಯಾಂಡಲ್ ಬಿಗಿಹಿಡಿದು ಅದನ್ನು ನೆಟ್ಟಗೆ ಮಾಡಿದ. ಆಮೇಲೆ ಮತ್ತೆ ಸ್ಟ್ಯಾಂಡ್ ಹಾಕಿ, ಹಿತ್ತಲಿನಿಂದ ದಪ್ಪ ಕಲ್ಲೊಂದನ್ನು ತಂದು ಆಚೆ ಬುಟ್ಟಿಗೆ ಇಡಹೋದ.

"ಒಸಿ ತಡೀರಿ" ಅಂದಳು ಅವ್ವ. ಪುಟ್ಟಿ ಕೂರುತ್ತಿದ್ದ ಗೋಣಿಚೀಲವನ್ನು ನೆನೆಸಿ ಹಿಂಡಿ ತಂದು, ದಿನಾ ಹಾಸುತ್ತಿದ್ದ ಹಾಗೆಯೇ ಮಡಿಸಿ ಹಾಸಿದಳು. ಅಪ್ಪ ಕಲ್ಲನ್ನು ಅದರ ಮೇಲೆ ಮೆಲ್ಲಗೆ ಇಳಿಸಿದ.

ಅಪ್ಪ ಸೈಕಲ್ ತುಳಿಯುತ್ತಾ ಹೋದ. ಹಳ್ಳದ ಇಳಿಜಾರು ಬಂತು.

"ಇಬ್ರೂ ಗಟ್ಟಿಯಾಗಿ ಹಿಡ್ಕೊಳ್ರವ್ವಾ" ಅಂದುಬಿಟ್ಟ.

ಪೆಡಲ್ ಮೇಲಿದ್ದ ಅವನ ಕಾಲು ನಿಂತುಹೋಯಿತು. ನಾನು ಕ್ಯಾರಿಯರ್ ಮೇಲಿಂದ ಕೈ ಚಾಚಿ ಆ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.