ಹಸಿರು ಬಣ್ಣದ ಎಂಜಿನ್

"ಇದನ್ನ ನಾನು ಆ ನರ್ಸಮ್ಮನ ಜೀಪಿಗೆ ಹಾಕಲ್ಲ," ಎಂದಳು ಗ್ರೀಸಕ್ಕ.

ಗ್ಯಾರೇಜಿನ ಯಜಮಾನ ಟೀ ಲೋಟ ಕೆಳಗಿಟ್ಟ. ಮುಖ್ಯ ಮೆಕ್ಯಾನಿಕ್ ಎದುರಾಡುವುದು ಅವನಿಗೆ ಹೊಸದಲ್ಲ. ಹಟ ಹಿಡಿದು ನಿಲ್ಲುವುದು ಹೊಸದು. ಇಬ್ಬರ ನಡುವೆ, ತೊಲೆಗೆ ಕಟ್ಟಿದ ಸರಪಳಿಯ ತುದಿಯಲ್ಲಿ, ಹಸಿರು ಬಣ್ಣದ ಎಂಜಿನ್ ತೂಗುತ್ತಿತ್ತು. ಕಣ್ಣಿಗೊತ್ತಿಕೊಳ್ಳುವಷ್ಟು ಚೆನ್ನಾಗಿತ್ತು. ಮೇಲೆ ಥಳುಕು, ಒಳಗೆ ಹುಳುಕು ಅನ್ನುವುದು ಇಂಥದ್ದಕ್ಕೇ. ಪಕ್ಕದಲ್ಲಿ ಗೇಣುದ್ದ ಬಿರುಕು ಬಿಟ್ಟಿದ್ದ ಎಂಜಿನ್ನಿಗೆ ವೆಲ್ಡಿಂಗ್ ಮಾಡಿಸಿ, ಉಜ್ಜಿಸಿ, ಬಣ್ಣ ಬಳಿಸಿದವನು ಸ್ವತಃ ಯಜಮಾನನೇ.

"ಕಾದರೆ ಮತ್ತೆ ಬಾಯಿ ಬಿಡುತ್ತೆ. ನೀರೆಲ್ಲ ಸೋರಿ ಏರಿನ ಮಧ್ಯೆ ನಿಂತುಬಿಡುತ್ತೆ. ಹಿಂದಿನ ಸೀಟಲ್ಲಿ ಬಸುರಿ ಇರ್ತಾಳೆ ಯಜಮಾನ್ರೇ."

"ಬಣ್ಣ ಹೊಡೆದ ಮೇಲೆ ಎಲ್ಲಾ ಎಂಜಿನ್ನೂ ಒಂದೇ ಕಣಮ್ಮ. ಆಗಲ್ಲ ಅಂದ್ರೆ ಬಾಗಿಲು ಅಲ್ಲಿದೆ. ಹಾಕೋನು ಇನ್ನೊಬ್ಬ ಸಿಕ್ತಾನೆ."

ಸಿಗುತ್ತಾನೆ, ನಿಜ. ಅದು ಗ್ರೀಸಕ್ಕನಿಗೂ ಗೊತ್ತಿತ್ತು. ಅವಳು ಬಾಗಿಲ ಕಡೆ ಹೋಗಲಿಲ್ಲ.

ಅಷ್ಟರಲ್ಲಿ ಜೀಪಿನ ನರ್ಸ್ ಬಂದಳು. ಗುಡ್ಡದ ಮೇಲಿನ ಮನೆಗಳಿಗೆಲ್ಲ ಇವಳೊಬ್ಬಳೇ ನರ್ಸ್, ಆಸ್ಪತ್ರೆ ಕೊಟ್ಟ ಈ ಪುಟ್ಟ ಜೀಪೊಂದೇ ದಾರಿ. ಕಳೆದ ತಿಂಗಳು ಕತ್ತೆ ಏರು ಅನ್ನುವ ಕಡಿದಾದ ದಾರಿಯಲ್ಲಿ ಹಳೆಯ ಎಂಜಿನ್ ಸತ್ತುಹೋಗಿತ್ತು. ಹೆರಿಗೆ ನೋವಿನ ಹೆಂಗಸನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದ್ದರು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

"ಇದು ನಂಬಬಹುದಾದ ಎಂಜಿನ್ ತಾನೇ?" ಎಂದಳು ನರ್ಸ್.

ಯಜಮಾನ ಎದೆಯ ಮೇಲೆ ಕೈಯಿಟ್ಟುಕೊಂಡ. ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತ ತನ್ನ ಸ್ವಂತ ಜೀಪನ್ನು ತೋರಿಸಿದ. ಅವನ ಹೆಮ್ಮೆಯ ಗಾಡಿ ಅದು; ಹೆಂಡತಿಗೂ ಕೊಡುತ್ತಿರಲಿಲ್ಲ. ಅದು ಗುಡ್ಡ ಹತ್ತುವ ಚಂದ ನೋಡಿಯೇ ಆಸ್ಪತ್ರೆಯವರು ಅದೇ ಮಾದರಿಯನ್ನು ಕೊಂಡಿದ್ದರು.

"ನನ್ನ ಗಾಡಿಗೇ ಹಾಕ್ಕೋಬೇಕು ಅಂತ ಎತ್ತಿಟ್ಟಿದ್ದ ಎಂಜಿನ್ ಇದು. ನಿಮ್ಮ ಮುಖ ನೋಡಿ ಬಿಟ್ಟುಕೊಟ್ಟೆ."

ನರ್ಸ್ ಈ ಕಡೆ ತಿರುಗಿದಳು. "ಅಕ್ಕ, ನೀವು ಹೇಳಿ."

ಯಜಮಾನನ ಕಣ್ಣು ಗ್ರೀಸಕ್ಕನ ಬಾಯಿಯ ಮೇಲೆಯೇ ಇತ್ತು. ಅವಳು ಕೈ ಒರೆಸಿಕೊಂಡಳು.

"ನಿಮ್ಮ ಜೀಪು ಏರಲ್ಲಿ ನಿಲ್ಲದ ಹಾಗೆ ಮಾಡ್ತೀನಿ. ಸೋಮವಾರ ಬನ್ನಿ."

ಯಜಮಾನನ ಮುಖ ಅರಳಿತು. ಹುಲ್ಲು ಹಾಕುವ ಕೈಯನ್ನು ಯಾವ ಹಸು ಹಾಯುತ್ತದೆ ಎಂದುಕೊಂಡಿರಬೇಕು. ಅವತ್ತೇ ಭಾವಮೈದುನನ ಕಾರಿನಲ್ಲಿ ಅವನ ಊರಿಗೆ ಹೊರಟ. ಸೋಮವಾರ ಅವನ ಸಂಸಾರವನ್ನೆಲ್ಲ ಕರೆತಂದು, ತನ್ನ ಜೀಪಿನಲ್ಲಿ ಗುಡ್ಡದ ತುದಿ ತೋರಿಸುವುದಾಗಿ ಜಂಬ ಕೊಚ್ಚಿದ್ದ.

ಶನಿವಾರ ಸರಪಳಿ ಎಳೆಯಲು ಗ್ರೀಸಕ್ಕ ಗಂಡನನ್ನು ಕರೆತಂದಳು. ಅವನು ಟೈಲರ್. ಭಾನುವಾರವೂ ಬರಬೇಕು ಎಂದಾಗ ಗೊಣಗಿದ. "ಒಂದು ಎಂಜಿನ್ ಬದಲಾಯಿಸೋಕೆ ಎರಡು ದಿನಾನಾ?"

"ಒಂದು ಅಂಗಿಗೆ ನೀವು ಎರಡು ವಾರ ತಗೊಳ್ಳಲ್ವಾ? ಸುಮ್ನೆ ಎಳೀರಿ."

ಅವನು ಎಳೆದ. ಬೋಲ್ಟುಗಳು ಬಿಚ್ಚಿದವು, ಎಣ್ಣೆ ಇಳಿಯಿತು, ಭಾರ ಏರಿತು, ಭಾರ ಇಳಿಯಿತು. ಭಾನುವಾರ ಮಧ್ಯಾಹ್ನ ಅವಳು ಹಸಿರು ಬಣ್ಣದ ಡಬ್ಬಿಯ ತಳ ಕೆರೆದು, ಇನ್ನೊಂದು ಡಬ್ಬಿ ತರಲು ಅವನನ್ನೇ ಅಂಗಡಿಗೆ ಓಡಿಸಿದಳು. ಸಂಜೆ ತನ್ನ ಸ್ವಂತ ಪಾನಾ, ಸ್ಪ್ಯಾನರ್‌ಗಳನ್ನೆಲ್ಲ ಒರೆಸಿ, ತಗಡಿನ ಪೆಟ್ಟಿಗೆಗೆ ತುಂಬಿ ಬೀಗ ಹಾಕಿದಳು.

"ಕೆಲಸ ಬಿಡ್ತಿದೀಯಾ?" ಎಂದ ಗಂಡ.

"ಅವರೇ ಬಿಡಿಸ್ತಾರೆ. ಬಿಡಿಸಲಿ. ನಂಗೇನು ಭಯಾನಾ?"

ಸೋಮವಾರ ಬೆಳಿಗ್ಗೆ ಯಜಮಾನ ನರ್ಸಿನ ಜೀಪಿನ ಬಾನೆಟ್ ಎತ್ತಿ ಇಣುಕಿದ. ಹಸಿರು ಫಳಫಳ ಹೊಳೆಯುತ್ತಿತ್ತು. ವೆಲ್ಡಿಂಗ್ ಇರಬೇಕಾದ ಪಕ್ಕಕ್ಕೆ ಬಗ್ಗಿ ನೋಡುವ ಗೋಜಿಗೆ ಹೋಗಲಿಲ್ಲ. ತಾನೇ ಮುಚ್ಚಿಟ್ಟದ್ದನ್ನು ಯಾರು ತಾನೇ ಹುಡುಕುತ್ತಾರೆ? ಬಾನೆಟ್ ಮುಚ್ಚಿ ತೃಪ್ತಿಯಿಂದ ತಲೆಯಾಡಿಸಿದ.

ನರ್ಸ್ ಕೀಲಿ ತಿರುಗಿಸಿದಳು. ಗ್ರೀಸಕ್ಕ ಕಿಟಕಿಗೆ ಬಗ್ಗಿ, "ಧೈರ್ಯವಾಗಿ ಹೋಗ್ಬನ್ನಿ," ಎಂದಳು, ಅಷ್ಟೇ. ಯಜಮಾನ ನಿಂತು ನೋಡಿದ. ಜೀಪು ದೂರದ ಕತ್ತೆ ಏರನ್ನು ಒಂದೇ ಉಸಿರಿಗೆ ಹತ್ತಿ, ತಿರುವು ದಾಟಿ ಮರೆಯಾಯಿತು.

"ನೋಡಿದ್ಯಾ? ಸುಮ್ನೆ ಹೆದರಿಸ್ತಿದ್ದೆ," ಎಂದು ಅವನು ನಕ್ಕ.

"ಹೌದು, ಚೆನ್ನಾಗೇ ಹತ್ತಿತು," ಎಂದಳು ಅವಳು.

ಅವನು ತನ್ನ ಜೀಪಿನ ಹೊದಿಕೆ ಕಿತ್ತು ಮಡಚಿ, ಭಾವಮೈದುನನ ಸಂಸಾರವನ್ನು ಹತ್ತಿಸಿಕೊಂಡು, ಹಾರ್ನ್ ಬಾರಿಸುತ್ತ ಹೊರಟ. ಗ್ರೀಸಕ್ಕ ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟುಕೊಂಡು, ಟೀ ತರಿಸಿಕೊಂಡು, ಯಜಮಾನನ ಕುರ್ಚಿಯಲ್ಲೇ ಕೂತಳು.

ಟೀ ಮುಗಿಯುವ ಮೊದಲೇ ಫೋನ್ ಬಂತು. ಆ ಕಡೆಯಿಂದ ಮಕ್ಕಳ ಅಳು, ಭಾವಮೈದುನನ ಗೊಣಗಾಟ, ಬುಸ್ಸೆನ್ನುವ ಹಬೆಯ ಸದ್ದು.

"ಏರಿನ ಮಧ್ಯೆ ನಿಂತುಬಿಡ್ತು ಕಣೇ," ಯಜಮಾನ ಏದುಸಿರು ಬಿಡುತ್ತಿದ್ದ. "ನೀರೆಲ್ಲ ಸೋರಿಹೋಯ್ತು. ನನ್ನ ಬಂಗಾರದಂಥ ಗಾಡಿಗೆ ಏನಾಯ್ತು?"

"ಬಾನೆಟ್ ಎತ್ತಿ ನೋಡಿ."

ಬಾನೆಟ್ಟಿನ ಕೀಲು ಕಿರ್ರೆಂದಿತು.

"ಇದು... ಹಸಿರಿದೆ."

"ನಿಮ್ಮ ಗಾಡಿಗೇ ಹಾಕ್ಕೋಬೇಕು ಅಂತಿದ್ರಲ್ಲ ಯಜಮಾನ್ರೇ," ಎಂದಳು ಗ್ರೀಸಕ್ಕ. "ಹಾಕಿದೀನಿ."