ಹೆರಿಗೆ ಸಹಾಯಧನದ ಕುರ್ಚಿ

“ಮಗು ಬದುಕಿದೆ ಅನ್ನೋದಕ್ಕೆ ದಾಖಲೆ ಎಲ್ಲಿ?” ಎಂದು ಹೆರಿಗೆ ಸಹಾಯಧನದ ಕಿಟಕಿಯೊಳಗಿನ ಗುಮಾಸ್ತೆ ಕೇಳಿದಳು. ಕಿಟಕಿಯ ಹೊರಗೆ, ಕ್ಷೌರದ ಅಂಗಡಿಯವನ ಹೆಂಡತಿಯ ಹೆಗಲ ಮೇಲೆ, ಆ ಮಗು ಗಂಟಲು ಹರಿಯುವಂತೆ ಕಿರುಚುತ್ತಿತ್ತು.

“ಇದೇ ಅಲ್ವಾ ಮೇಡಂ, ನಿಮ್ಮ ಎದುರಿಗೇ ಅಳ್ತಿದೆ!” ಎಂದ ಅಂಗಡಿಯವನು.

“ಅಳೋದನ್ನ ಫೈಲಿಗೆ ಹಾಕೋಕಾಗುತ್ತೇನ್ರೀ? ಜನನ ಪ್ರಮಾಣಪತ್ರ ಇದೆ, ಹುಟ್ಟಿದ್ದು ನಿಜ. ಆಮೇಲೆ ಇದೆಯೋ ಇಲ್ಲವೋ ನನಗೇನು ಗೊತ್ತು? ಜೀವಂತ ಇರುವ ಪ್ರಮಾಣಪತ್ರ ಮಾಡಿಸ್ಕೊಂಡು ನಾಳೆ ಬನ್ನಿ.”

“ನಾಳೆಗೆ ಇದಕ್ಕೆ ಆರು ತಿಂಗಳು ತುಂಬುತ್ತೆ. ತುಂಬಿದ ಮೇಲೆ ಕೊಡಲ್ಲ ಅಂತ ನೀವೇ ಅಲ್ವಾ ಹೇಳಿದ್ದು? ಇವಳಿಗೆ ಹಾಲು ಸಾಲ್ತಿಲ್ಲ ಮೇಡಂ. ಹಾಲಿನ ಪುಡಿಗೆ ಈ ದುಡ್ಡನ್ನೇ ನಂಬ್ಕೊಂಡಿದ್ದೀವಿ.”

“ನಿಯಮ ನಾನು ಮಾಡಿದ್ದಲ್ಲಪ್ಪ,” ಎಂದು ಕಡ್ಡಿ ಮುರಿದ ಹಾಗೆ ಹೇಳಿದ ಗುಮಾಸ್ತೆ, ಮರುಕ್ಷಣವೇ ಮೇಜಿನ ಅಂಚು ಹಿಡಿದು ಮುಖ ಕಿವುಚಿದಳು. ಅವಳೂ ದಿನ ತುಂಬಿದ ಬಸುರಿ. ಬೆಳಿಗ್ಗೆಯಿಂದ ನೋವು ಬಂದು ಹೋಗಿ ಮಾಡುತ್ತಿದ್ದರೂ ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಅವಳದೇ ಅರ್ಜಿ ಇನ್ನೂ ಮಂಜೂರಾಗಿರಲಿಲ್ಲ, ಮತ್ತು ಹೆರಿಗೆಗೆ ಮೊದಲು ಮಂಜೂರಾಗದಿದ್ದರೆ ಕಚೇರಿಯ ನೌಕರರಿಗೆ ಬಿಡಿಗಾಸೂ ಇಲ್ಲ. ಮಂಜೂರು ಮಾಡುವ ಕುರ್ಚಿ ಇದೊಂದೇ. ಇದರಲ್ಲಿ ಕೂತವಳು ಅವಳೇ. ತನ್ನ ಅರ್ಜಿಗೆ ತಾನೇ ಸಹಿ ಹಾಕುವಂತಿಲ್ಲ. ಬದಲಿ ನೌಕರ ಬರುವುದು ಅವಳು ರಜೆಯ ಮೇಲೆ ಹೋದ ನಂತರ, ರಜೆ ಸಿಗುವುದು ಅರ್ಜಿ ಮಂಜೂರಾದ ನಂತರ. ಈ ಗಾಣದಲ್ಲಿ ಸುತ್ತಿ ಸುತ್ತಿ ಪಾಪ ಅವಳ ತಲೆ ಕೆಟ್ಟುಹೋಗಿತ್ತು.

ಇನ್ನೊಂದು ನೋವು ಬಂದಾಗ ಅವಳಿಗೆ ನಿಯಮ ಪುಸ್ತಕದ ಒಂದು ಸಾಲು ಹೊಳೆಯಿತು. ‘ಕುರ್ಚಿಯಲ್ಲಿ ಕುಳಿತವರು ಸಹಿ ಮಾಡತಕ್ಕದ್ದು.’ ಯಾರು ಕೂರಬೇಕೆಂದು ಎಲ್ಲೂ ಬರೆದಿರಲಿಲ್ಲ.

“ಏನಪ್ಪಾ, ಓದೋಕೆ ಬರುತ್ತಲ್ವಾ? ಒಳಗೆ ಬನ್ನಿ, ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಳಿ. ನನ್ನ ಅರ್ಜಿಗೆ ಸಹಿ ಹಾಕಿ ಸೀಲು ಒತ್ತಿ. ಆಮೇಲೆ ನಿಮ್ಮದಕ್ಕೂ ಒತ್ಕೊಂಡುಬಿಡಿ. ಅರ್ಜಿ ನಿಮ್ಮ ಹೆಂಡತಿ ಹೆಸರಲ್ಲಿದೆ, ನಿಯಮ ಅಡ್ಡ ಬರಲ್ಲ. ಆ ಕಾಗದದ ವಿಷಯ ನಾನು ಮರೆತುಬಿಡ್ತೀನಿ.”

ಹೆಂಡತಿ ಗಂಡನ ಬೆನ್ನಿಗೆ ತಿವಿದಳು. “ಹೋಗ್ರೀ, ಪಿಳಿಪಿಳಿ ಅಂತ ಏನು ನೋಡ್ತಿದ್ದೀರಾ!”

ಅವನು ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತ. ದಿನವಿಡೀ ಬೇರೆಯವರನ್ನು ಕೂರಿಸಿ, ಅವರ ಹಿಂದೆ ನಿಂತೇ ಸಂಸಾರ ಸಾಕಿದವನು ಅವನು. ಅವನ ಅಂಗಡಿಯಲ್ಲಿ ಕುರ್ಚಿಯಲ್ಲಿ ಕೂತವರು ತಲೆ ಬಗ್ಗಿಸುತ್ತಾರೆ. ಇಲ್ಲಿ ಮಾತ್ರ ಎದುರಿಗೆ ನಿಂತವರು ತಲೆ ಬಗ್ಗಿಸಬೇಕಿತ್ತು, ಏಕೆಂದರೆ ಕಿಟಕಿಯ ತೂತು ಅಷ್ಟು ಕೆಳಗಿತ್ತು. ಅವನು ಮೆಲ್ಲಗೆ ಹಿಂದಕ್ಕೆ ಸರಿದು ಒರಗಿಕೊಂಡ.

ಗುಮಾಸ್ತೆ ಹೊಟ್ಟೆ ಹಿಡಿದುಕೊಂಡು ಸುತ್ತಿ ಬಂದು, ಹೊರಗೆ ನಿಂತು, ಬಗ್ಗಿ ತನ್ನ ಅರ್ಜಿಯನ್ನು ಒಳಗೆ ತಳ್ಳಿದಳು.

“ಮೊದಲನೇ ಹೆರಿಗೆನಾ?”

“ಹೌದು ಸಾರ್.” ಸಾರ್ ಎಂದದ್ದು ಇಬ್ಬರಿಗೂ ವಿಚಿತ್ರವೆನಿಸಲಿಲ್ಲ.

“ಬಸುರಿ ಅನ್ನೋದಕ್ಕೆ ದಾಖಲೆ?”

“ಡಾಕ್ಟರ ಪತ್ರ ಕೆಳಗಿದೆ ಸಾರ್. ಅಮ್ಮಾ... ಬೇಗ ಸಾರ್.”

“ಅವಸರ ಮಾಡಬೇಡಿ,” ಎಂದು ಅವನು ಪ್ರತಿಯೊಂದು ಪುಟವನ್ನೂ ಓದಿ, ಸಹಿ ಹಾಕಿ, ಠಪ್ಪೆಂದು ಸೀಲು ಒತ್ತಿದ. ಅವಳು ಕಾಗದವನ್ನು ಎದೆಗವಚಿಕೊಂಡು, ಕಚೇರಿ ಬಾಗಿಲಲ್ಲಿದ್ದ ಕಾವಲುಗಾರನ ಕೈ ಹಿಡಿದು, ಆಸ್ಪತ್ರೆಯ ದಾರಿ ಹಿಡಿದಳು.

ಈಗ ಹೆಂಡತಿಯ ಸರದಿ. ಅವಳು ನಗುತ್ತಲೇ ಫೈಲನ್ನು ಒಳಗೆ ತಳ್ಳಿದಳು. ಅವನು ಬೆರಳಿಗೆ ಎಂಜಲು ಹಚ್ಚಿ ಹಾಳೆಗಳನ್ನು ತಿರುವಿದ. ಕೊನೆಯ ಹಾಳೆಗೆ ಬಂದು ಹುಬ್ಬು ಗಂಟಿಕ್ಕಿದ.

“ಇದರಲ್ಲಿ ಒಂದು ಕಾಗದ ಕಡಿಮೆ ಇದೆ.”

“ಸಾಕು ತಮಾಷೆ, ಒತ್ರೀ.”

“ತಮಾಷೆ ಏನಮ್ಮ? ಮಗು ಬದುಕಿದೆ ಅನ್ನೋದಕ್ಕೆ ದಾಖಲೆ ಇಲ್ಲ.”

“ಬೆಳಿಗ್ಗೆ ನಿಮ್ಮ ಅಂಗಿ ಮೇಲೆ ಉಚ್ಚೆ ಹೊಯ್ದಿದ್ದು ಯಾರು ಮತ್ತೆ?”

ಅವನು ಬಗ್ಗಿ ಅಂಗಿ ನೋಡಿಕೊಂಡ. ಕಲೆ ಇತ್ತು. ಕೈ ಒಮ್ಮೆ ಸೀಲಿನ ತನಕ ಹೋಯಿತು. ಆ ಕೈ ಸೀಲನ್ನು ಎತ್ತಿ, ಓರೆಯಾಗಿದ್ದದ್ದನ್ನು ನೆಟ್ಟಗೆ ಇಟ್ಟು, ವಾಪಸು ಬಂತು.

“ಅದನ್ನ ಫೈಲಿಗೆ ಹಾಕೋಕಾಗಲ್ಲ. ನಾಳೆ ಬನ್ನಿ.”

“ರೀ, ನಾಳೆ ಬಂದ್ರೆ ಕೊಡಲ್ಲ! ಹಾಲಿನ ಪುಡಿ ಡಬ್ಬ ತಳ ಕಂಡಿದೆ, ನೀವೇ ನೋಡಿದ್ದೀರಲ್ಲ!”

“ನಿಯಮ ನಾನು ಮಾಡಿದ್ದಲ್ಲಮ್ಮ.”

ಮಗು ಅಳು ನಿಲ್ಲಿಸಿ ಕಿಟಕಿಯೊಳಗಿನವನನ್ನೇ ನೋಡುತ್ತಿತ್ತು. ಹೆಂಡತಿಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯವಾಯಿತು. ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ಎಲ್ಲರಂತೆ ತಲೆ ಬಗ್ಗಿಸಿ, ಮೆಲುದನಿಯಲ್ಲಿ ಕೇಳಿದಳು.

“ಸಾರ್, ಈ ಮಗುವಿನ ಅಪ್ಪ ಬದುಕಿದ್ದಾನಾ ಅಂತ ಎಲ್ಲಿ ವಿಚಾರಿಸ್ಬೇಕು?”

ಅವನು ತಲೆ ಎತ್ತಲಿಲ್ಲ. ಪೆನ್ನಿನ ತುದಿಯಿಂದ ಬಲಕ್ಕೆ ತೋರಿಸಿದ.

“ಪಕ್ಕದ ಕಿಟಕಿ.”