ಮೊದಲ ಪ್ರಾರ್ಥನೆ

ಕುರ್ಚಿ ಅವಳ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಸುಣ್ಣದ ಚಕ್ಕೆ ಹೆಗಲ ಮೇಲೆ ಉದುರಿತು. ಅವಳು ಅಲುಗಲಿಲ್ಲ.

ಒಳಗೆ ಬಂದ ಕೈದಿ ಅವಳ ಮುಖ ನೋಡಿದ್ದೇ ತಡ, ಹುಚ್ಚೆದ್ದಿದ್ದ. "ಇವರೊಬ್ಬರು ಬೇಡ! ಬೇರೆ ಯಾರ ಮುಂದೆ ಬೇಕಾದ್ರೂ ಕೂರ್ತೀನಿ!" ಎಂದು ಕಿರುಚುತ್ತ ತಲೆಯನ್ನು ಗೋಡೆಗೆ ಚಚ್ಚಿಕೊಂಡ. ಹಣೆ ಒಡೆದು ರಕ್ತ ಹುಬ್ಬಿಗಿಳಿಯಿತು. ಪೇದೆ ಅವನ ಬಲಗೈ ತಿರುಚಿ ಹಿಡಿದ.

"ಎಡಗೈ ಹಿಡ್ಕೊಳ್ಳಿ, ಅವನು ಎಡಚ," ಎಂದಳು ಅವಳು.

ಮಾತು ಮುಗಿಯುವ ಮೊದಲೇ ಆ ಎಡಗೈ ಪೇದೆಯ ದವಡೆಗೆ ಬಿತ್ತು. ಪೇದೆ ಲಾಠಿ ಬೀಸಿದ. ಮೊಣಕಾಲಿಗೆ, ಬೆನ್ನಿಗೆ, ಮತ್ತೆ ಮೊಣಕಾಲಿಗೆ. ಕೈದಿ ಕುಸಿದ ಮೇಲೆ ಎರಡೂ ಕೈ ಮುಂದಕ್ಕೆ ತಂದು ಕೋಳ ಹಾಕಿದ. ಬಾಯಿಯ ರಕ್ತ ಒರೆಸಿಕೊಳ್ಳುತ್ತ, "ಏನಕ್ಕಾ, ಇವನಿಗೆ ಮಂತ್ರ ಹಾಕ್ತೀರೋ, ಮಾತ್ರೆ ಕೊಡ್ತೀರೋ?" ಎಂದ.

ಅವಳು ಎರಡೂ ಕೊಡುವವಳಲ್ಲ. ತಲೆ ನರೆತ ಮೇಲೆ ಮನೋಚಿಕಿತ್ಸೆಯ ತರಬೇತಿಗೆ ಸೇರಿದ ವಿದ್ಯಾರ್ಥಿನಿ. ಅಲ್ಲಿನ ಮೇಷ್ಟರುಗಳು ದೇವರನ್ನು ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು ಬನ್ನಿ ಎನ್ನುತ್ತಿದ್ದರು. ಒಬ್ಬರು ಮಾತ್ರ ಬೇರೆ ದಾರಿ ಹೇಳಿಕೊಟ್ಟಿದ್ದರು. ಉಪದೇಶ ಮಾಡಬೇಡಿ, ಪಾಪಪುಣ್ಯದ ಮಾತೆತ್ತಬೇಡಿ. ಎದುರಿಗಿರುವವನು ನಂಬಿಕೆಯವನಾದರೆ ಒಂದೇ ಒಂದು ಪ್ರಶ್ನೆ ಕೇಳಿ: ನಿನಗೆ ಮೊದಲ ಪ್ರಾರ್ಥನೆ ಹೇಳಿಕೊಟ್ಟವರು ಯಾರು? ಎಂಥ ಕಲ್ಲೂ ಅಲ್ಲಿ ಬಿರುಕು ಬಿಡುತ್ತದೆ.

ಅವಳು ಸೇರಿದ್ದು ಪಾಠಕ್ಕಲ್ಲ, ಈ ಕೋಣೆಯೊಳಗೆ ಕಾಲಿಡುವುದಕ್ಕೆ. ಇವನು ಮೊದಲಿದ್ದ ಜೈಲಿಗೆ ಹೋದಾಗಲೆಲ್ಲ ಅವಳ ಎದುರು ಬರಲು ಒಪ್ಪಿರಲಿಲ್ಲ. ಈ ಜೈಲಿನಲ್ಲಿ ಅವಳ ಗುರುತು ಯಾರಿಗೂ ಇಲ್ಲ. ಅಂಗಿಯ ತೋಳಿನೊಳಗೆ, ಮನೆಯ ಚಾಪೆಯ ಅಂಚು ಹೊಲಿಯುತ್ತಿದ್ದ ದಬ್ಬಳವಿತ್ತು.

ಗದ್ದಲ ಕೇಳಿ, ಹೊರಗೆ ಕೂತಿದ್ದ ಗುರುಗಳು, ಆ ಪ್ರಶ್ನೆ ಹೇಳಿಕೊಟ್ಟಿದ್ದವರೇ, ಒಳಗೆ ಬಂದರು. ಕೈದಿಯನ್ನು ನೋಡಿದರು, ಅವಳನ್ನು ನೋಡಿದರು.

"ಇವನು ಯಾರನ್ನ ಕೊಂದಿದ್ದು, ಗೊತ್ತೇನಮ್ಮ?"

"ನನ್ನ ಮಗನ್ನ ಸಾರ್."

ತಟ್ಟೆಯ ಮುಂದೆ ಕೂತಿದ್ದ ಹುಡುಗ. ಬಾಗಿಲು ಮುರಿದು ಬಂದವರು ಯಾರೂ ಇಲ್ಲ. ಸುತ್ತಿಗೆ ಎತ್ತಿದವನು ಅದೇ ಊಟಕ್ಕೆ ಎದುರು ಕೂತಿದ್ದವನು. ಮಾತಿಗೆ ಮಾತು ಬೆಳೆದಿತ್ತು, ಅಷ್ಟೆ. ಅವಳು ನೀರು ಹಿಡಿದು ಬರುವಷ್ಟರಲ್ಲಿ ಬುರುಡೆ ಒಡೆದಿತ್ತು. ಆದರೂ ಸುತ್ತಿಗೆ ನಿಂತಿರಲಿಲ್ಲ. ಗೋಡೆಗೆ ಸಿಡಿದದ್ದನ್ನು ತೊಳೆದವಳು ಅವಳೇ. ಅಂದಿನಿಂದ ದೇವರ ಮುಂದೆ ಕೂತರೆ ತುಟಿಯೇ ಬಿಚ್ಚುತ್ತಿರಲಿಲ್ಲ.

"ಏಳಮ್ಮ," ಎಂದರು ಗುರುಗಳು. "ಸಂಬಂಧ ಇರೋರು ಈ ಜಾಗದಲ್ಲಿ ಕೂರೋ ಹಾಗಿಲ್ಲ. ಇದು ಚಿಕಿತ್ಸೆ ಅಲ್ಲ, ಸೇಡು."

"ಏಳ್ತೀನಿ ಸಾರ್. ನಿಮ್ಮ ಪ್ರಶ್ನೆ ಒಂದು ಬಾಕಿ ಇದೆ."

ಎದ್ದಳು. ಬಾಗಿಲಿನ ಕಡೆಗಲ್ಲ, ಅವನ ಕಡೆಗೆ ನಡೆದು ನೆಲಕ್ಕೆ ಕೂತಳು. ದಬ್ಬಳ ತೋಳಿನಿಂದ ಅಂಗೈಗೆ ಜಾರಿತು. ಅದನ್ನು ಮೊದಲು ಕಂಡವನು ಕೈದಿ. ಕೋಳದ ಕೈಗಳಿಂದ ಕೊರಳಪಟ್ಟಿ ಸರಿಸಿ ಕತ್ತು ಚಾಚಿದ.

"ಬೇಗ," ಎಂದ.

ದಬ್ಬಳದ ಮೊನೆ ಕತ್ತಿನ ನರಕ್ಕೆ ತಾಗಿತು. ರಕ್ತದ ಒಂದು ಹನಿ ಮೂಡಿತು. ಪೇದೆ ಲಾಠಿ ಎತ್ತಿದ. ಗುರುಗಳು ಅವಳ ತೋಳಿಗೆ ಕೈ ಚಾಚಿದರು. ಅವಳು ಒತ್ತಬೇಕು, ಇಷ್ಟೇ ಉಳಿದದ್ದು. ಆದರೆ ಎಷ್ಟೋ ಕಾಲದಿಂದ ಬಿಗಿದುಕೊಂಡಿದ್ದ ತುಟಿ ತಾನಾಗಿ ಬಿಚ್ಚಿಕೊಂಡಿತು.

"ನಿನಗೆ ಮೊದಲ ಪ್ರಾರ್ಥನೆ ಹೇಳಿಕೊಟ್ಟವರು ಯಾರು?"

ದಬ್ಬಳ ನೆಲಕ್ಕೆ ಬಿದ್ದು ಟಣ್ಣೆಂದಿತು.

"ನೀನೇ ಅಲ್ವೇನಮ್ಮಾ," ಎಂದ ಅವನು, "ನನ್ನನ್ನೂ ತಮ್ಮನನ್ನೂ ಒಂದೇ ಚಾಪೆ ಮೇಲೆ ಕೂರಿಸಿಕೊಂಡು."